ಹಿಂದಿನ ಬಾಗಿಲು

“ಕಾಲಿನ ಕಡೆ ಎತ್ತಿ! ಇನ್ನೂ ಎತ್ತಿ! ತಲೆ ಕಡೆಯವರು ಅಲ್ಲೇ ನಿಲ್ಲಿ!”

ಎರಡನೆಯ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಕೆಳಗಿನ ಮೆಟ್ಟಿಲಲ್ಲಿ ನಿಂತ ಸೋದರಮಾವ ಎರಡೂ ಕೈ ಬೀಸಿ ಕೂಗುತ್ತಿದ್ದ. ಹೊತ್ತವರು ನಾಲ್ವರು, ಬುದ್ಧಿ ಹೇಳುವವರು ಹತ್ತು ಜನ. ಅಪ್ಪನ ದೇಹ ಜಾರದಂತೆ ಮಗಳು ಅವನ ಭುಜವನ್ನು ಒತ್ತಿ ಹಿಡಿದಿದ್ದಳು. ಹೊದಿಕೆಯ ಮೇಲಿನಿಂದಲೂ ಆ ಭುಜ ತಣ್ಣಗಿತ್ತು.

“ಈ ಲಿಫ್ಟು ಯಾವಾಗ ಕೆಟ್ಟಿದ್ದು?”

“ಕೆಡೋದಕ್ಕೆ ಅದು ಯಾವತ್ತು ಸರಿಯಾಗಿತ್ತು ಸ್ವಾಮಿ?”

“ಮಾತು ಆಮೇಲೆ. ಗೋಡೆಗೆ ತಾಗ್ತಿದೆ ನೋಡಿ. ಭಾವ ಇದ್ದಿದ್ರೆ ಟೇಪು ತಂದು ಅಳತೆ ಹಿಡಿದೇ ಮೊದಲನೇ ಮೆಟ್ಟಿಲು ಇಳೀತಿದ್ದ,” ಎಂದ ಸೋದರಮಾವ. ಮರುಕ್ಷಣವೇ ಇನ್ನೂ ಜೋರಾಗಿ ಕೂಗಿದ. “ಗಂಟೆ ಹನ್ನೆರಡೂವರೆ ಆಯ್ತು!”

ದಹನಗೃಹದಲ್ಲಿ ಸಿಕ್ಕಿದ್ದ ಸರದಿ ಮೂರು ಗಂಟೆಯದು. ತಪ್ಪಿದರೆ ನಾಳೆಗೆ ಹೋಗುತ್ತದೆ ಎಂದು ಅಲ್ಲಿನ ಗುಮಾಸ್ತ ಫೋನಿನಲ್ಲಿ ಎರಡು ಸಲ ಹೇಳಿದ್ದ.

ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಎರಡು ಕಾರುಗಳನ್ನು ಸರಿಸಿ ಜಾಗ ಮಾಡಿದ್ದರು. ಸ್ಟ್ರೆಚರನ್ನು ಎರಡು ಬೆಂಚುಗಳ ಮೇಲೆ ಇಟ್ಟರು. ಉಳಿದ ಕಾರುಗಳ ನಡುವೆ ಅಲ್ಲಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಕಾರ್ಖಾನೆಯವರು ಅರ್ಧ ಪಾಳಿ ಬಿಟ್ಟು ನೀಲಿ ಅಂಗಿಯಲ್ಲೇ ಬಂದಿದ್ದರು.

ಸತ್ತವನಿಗೆ ಐವತ್ತಾರು ವರ್ಷ. ನಿನ್ನೆ ಬೆಳಗ್ಗೆ ಕೆಲಸಕ್ಕೆ ಹೊರಟು, ಬೂಟಿನ ಲೇಸು ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಕೀಲಿಯ ಗುಂಡಿ ಒತ್ತಿದರೆ ಕಾರಿನ ನಾಲ್ಕೂ ಬಾಗಿಲು ಒಮ್ಮೆಗೇ ‘ಟಕ್’ ಅನ್ನುತ್ತವಲ್ಲ, ಬಾಗಿಲೊಳಗೆ ಕೂತು ಆ ಚಿಲಕವನ್ನು ಎಳೆಯುವ ಹೆಬ್ಬೆರಳು ಗಾತ್ರದ ಮೋಟಾರನ್ನೂ ಅದರ ಬೀಗವನ್ನೂ ತಯಾರಿಸುವ ಕಾರ್ಖಾನೆಯಲ್ಲಿ ಅವನು ಇಪ್ಪತ್ತಾರು ವರ್ಷ ಪರೀಕ್ಷಕನಾಗಿದ್ದ. ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಟಕ್ ಮಾಮ.

“ಕಣ್ಣು ಮುಚ್ಚಿ ಕೇಳಿಸ್ಕೊಳ್ತಿದ್ದ ಅತ್ತಿಗೆ,” ಎಂದು ಹಳೆಯ ಫಿಟ್ಟರ್ ಸತ್ತವನ ಹೆಂಡತಿಗೆ ಹೇಳುತ್ತಿದ್ದ. “ಇದು ಸರಿ, ಇದು ಸರಿ, ಇದು ಕೆಮ್ತಿದೆ, ಪಕ್ಕಕ್ಕಿಡು ಅಂತಿದ್ದ. ಬಿಚ್ಚಿ ನೋಡಿದ್ರೆ ಒಳಗೆ ಒಂದು ಹಲ್ಲು ವಾರೆ ಇರ್ತಿತ್ತು. ಮಾಮ ಸಹಿ ಹಾಕಿದ ಅಂದ್ರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಆಮೇಲೆ ಯಾವನೂ ಪ್ರಶ್ನೆ ಕೇಳ್ತಿರ್ಲಿಲ್ಲ.”

ಹೆಂಡತಿ ತಲೆಯಾಡಿಸಿದಳು. ಅವಳ ಕಣ್ಣು ಗೇಟಿನ ಮೇಲಿತ್ತು.

ಒಂದು ಗಂಟೆಗೆ ಕಾರ್ಖಾನೆಯ ಮ್ಯಾನೇಜರು ಬಂದರು. ಕಪ್ಪು ಕಾರು, ಡ್ರೈವರು, ಕೈಯಲ್ಲಿ ಕುರ್ಚಿಯಷ್ಟು ದೊಡ್ಡ ಹೂವಿನ ಹಾರ. ಕೂತಿದ್ದವರೆಲ್ಲ ಎದ್ದರು. ಹಾರವನ್ನು ಇಟ್ಟು, ಕಣ್ಣು ಮುಚ್ಚಿ ನಿಂತು, ಹೆಂಡತಿಗೆ ಎರಡು ಮಾತು ಹೇಳಿ, ಮಗಳನ್ನು ಸನ್ನೆ ಮಾಡಿ ಮೆಟ್ಟಿಲ ಬುಡಕ್ಕೆ ಕರೆದರು.

“ಈ ಹೊತ್ತಲ್ಲಿ ಕೇಳಬಾರದು. ಆದ್ರೂ ಕೇಳ್ಬೇಕಾಗಿದೆ. ನಿಮ್ಮಪ್ಪನ ಹತ್ರ ಕಂಪನಿಯ ಒಂದು ಹಳೇ ಕಾಗದ ಇತ್ತಮ್ಮ.”

“ಯಾವ ಕಾಗದ ಸರ್?”

“ಪರೀಕ್ಷೆಯ ಹಾಳೆ. ಹದಿನಾರು ವರ್ಷದ ಹಿಂದಿನದು. ಹನ್ನೆರಡು ದಿನದ ಹಿಂದೆ ನನ್ನ ರೂಮಿಗೆ ಬಂದು ಅದರ ವಿಷಯ ಮಾತಾಡ್ದ. ಮನೆಯಲ್ಲೇ ಎಲ್ಲೋ ಇರುತ್ತೆ. ನೆಂಟರು ಬೀರು ಎಲ್ಲಾ ಕೆದಕೋದಕ್ಕೆ ಮುಂಚೆ ನೀನೇ ಒಂದು ಸಲ ನೋಡಿ ತಂದುಕೊಡು.”

“ಅಪ್ಪ ನಂಗೇನೂ ಹೇಳಿಲ್ಲ.”

“ಹೇಳದೆ ಇರೋದೇ ಒಳ್ಳೇದು.” ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಸುಮ್ಮನೆ ನೆನಪಾಯಿತೆಂಬಂತೆ, “ನಿನ್ನ ಕೆಲಸ ಕಾಯಂ ಆಗೋದು ಮುಂದಿನ ವಾರ ಅಲ್ವಾ?” ಎಂದರು.

ಮಗಳು ಹತ್ತು ತಿಂಗಳಿಂದ ಅಪ್ಪನ ಜತೆ ಅದೇ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಸಾವಿನ ಮನೆಯಲ್ಲಿ ಕೆಲಸದ ಮಾತು ಯಾಕೆ ಬಂತು ಎಂದು ಅರ್ಥವಾಗದಷ್ಟು ದಡ್ಡಿ ಅವಳಲ್ಲ.

* * *

ಹದಿನಾರು ವರ್ಷದ ಹಿಂದೆ ಆ ಕೋಣೆ ಕಾರ್ಖಾನೆಯ ಹಿಂಬದಿಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ. ನಡುವೆ ಬೀರುವಿನಷ್ಟು ಎತ್ತರದ ಬಿಸಿ ಪೆಟ್ಟಿಗೆ. ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲೊಳಗೆ ಎಷ್ಟು ಕಾವು ಏರುತ್ತದೋ ಅಷ್ಟೇ ಕಾವಿನಲ್ಲಿ ಆರು ಬೀಗಗಳು ಹಾಕಿಕೊಂಡು, ತೆರೆದುಕೊಂಡು, ಹಾಕಿಕೊಂಡು, ತೆರೆದುಕೊಂಡು ಒಂದು ಲಕ್ಷ ಸಲ ಓಡಬೇಕು. ಅದಕ್ಕೆ ಎಂಟು ದಿನ ಬೇಕು. ಎಂಟು ದಿನವೂ ಟಕ್ ಮಾಮ ಪೆಟ್ಟಿಗೆಯ ಪಕ್ಕದಲ್ಲಿ ಕೂತಿರುತ್ತಿದ್ದ.

ಐದನೆಯ ದಿನ ಸದ್ದು ಬದಲಾಯಿತು. ಆರರ ಬದಲು ಐದು ಟಕ್, ಒಂದು ಗೊರಗೊರ. ಎಣಿಕೆ ಅರವತ್ತೆರಡು ಸಾವಿರ ದಾಟಿತ್ತು. ಆರನೆಯ ಬೀಗವನ್ನು ಇಕ್ಕಳದಲ್ಲಿ ಹಿಡಿದು ತೆಗೆದು ಬಿಚ್ಚಿದ. ಮೋಟಾರು ಚೆನ್ನಾಗಿಯೇ ತಿರುಗುತ್ತಿತ್ತು. ಆದರೆ ಅದರ ತಿರುಪು ತಳ್ಳಬೇಕಾದ ಪ್ಲಾಸ್ಟಿಕ್ಕಿನ ಹಲ್ಲುಚಕ್ರದಲ್ಲಿ ಮೂರು ಹಲ್ಲುಗಳು ಕಾವಿಗೆ ಮೆತ್ತಗಾಗಿ ಮಡಚಿಕೊಂಡಿದ್ದವು. ಚಿಲಕದ ಸನ್ನೆಕೋಲು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ನಡುವೆ ನಿಂತಿತ್ತು. ಅವನು ಹೊರಗಿನ ಹಿಡಿ ಎಳೆದು ನೋಡಿದ. ಒಳಗಿನ ಹಿಡಿ ಎಳೆದು ನೋಡಿದ. ಎರಡರಿಂದಲೂ ತೆರೆಯಲಿಲ್ಲ. ಇದು ಹಿಂದಿನ ಬಾಗಿಲಿನ ಬೀಗ.

ಹಾಳೆಯಲ್ಲಿ ಎಲ್ಲವನ್ನೂ ಬರೆದು, ಸಹಿ ಹಾಕಿ, ಆಗ ವಿಭಾಗದ ಮುಖ್ಯಸ್ಥರಾಗಿದ್ದ ಇದೇ ಮ್ಯಾನೇಜರ ಮೇಜಿಗೆ ಒಯ್ದ. ಅವರು ಫೋನಿನಲ್ಲಿದ್ದರು. ಅಭ್ಯಾಸಬಲದಿಂದ ಮೂಲೆಯಲ್ಲಿ ‘ನೋಡಿದೆ’ ಎಂದು ಗೀಚಿ ಸಹಿ, ತಾರೀಖು ಹಾಕಿದರು. ಫೋನಿಟ್ಟ ಮೇಲೆ ಓದಿದರು.

“ಬೇರೆ ಬೀಗ ಹಾಕಿ ಮುಂದುವರಿಸು. ಹೊಸ ಹಾಳೆ ಬರಿ.”

“ಸರ್, ಹಲ್ಲು ಕರಗಿದೆ.”

“ಯಾವುದೋ ಒಂದು ಕೆಟ್ಟಿದೆ. ಆರರಲ್ಲಿ ಒಂದು.”

“ಆರರಲ್ಲಿ ಒಂದು ಅಂದ್ರೆ ಸಾವಿರದ ಇನ್ನೂರರಲ್ಲಿ ಇನ್ನೂರು, ಸರ್.”

“ಮಗ್ಗಿ ನಂಗೆ ಹೇಳ್ಕೊಡ್ಬೇಡ. ಆ ಸಾವಿರದ ಇನ್ನೂರೂ ಲಾರಿಗೆ ಏರಿ ಕೂತಿವೆ. ಮುಂದಿನ ಸರಕಿಗೆ ಪ್ಲಾಸ್ಟಿಕ್ ಬದಲಾಯಿಸೋಣ, ನಾನೇ ಹೇಳ್ತೀನಿ.” ಅವರು ಕುರ್ಚಿಗೆ ಒರಗಿದರು. ದನಿ ಇಳಿಯಿತು. “ಮಗಳನ್ನ ಈ ವರ್ಷ ಶಾಲೆಗೆ ಹಾಕಿದ್ದೀಯ ಅಲ್ವಾ? ಒಳ್ಳೇ ಶಾಲೆ. ನೋಡು, ನಾನೇನೂ ಹೇಳ್ತಿಲ್ಲ. ಸುಮ್ನೆ ಕೇಳ್ದೆ.”

ಅವನು ನಿಂತೇ ಇದ್ದ. ಗೇಟಿನ ಹತ್ತಿರ ಲಾರಿ ಎರಡು ಸಲ ಹಾರ್ನ್ ಹೊಡೆಯಿತು. ಹೊಸ ಹಾಳೆಯಲ್ಲಿ ಆರು ಬೀಗ, ಒಂದು ಲಕ್ಷ ಸಲ, ದೋಷವಿಲ್ಲ ಎಂದು ಬರೆದು ಸಹಿ ಹಾಕಿದ. ಹಳೆಯದನ್ನು ಹರಿದು ಹಾಕಲು ಹೇಳಿದ್ದರು. ಅವನು ಅದನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

ಸಂಜೆ ತಟ್ಟೆಯ ಮುಂದೆ ಕೂತು ಹೆಂಡತಿಯನ್ನು ಕೇಳಿದ. “ಟಕ್ ಅನ್ನೋದಕ್ಕೂ ಠಕ್ಕ ಅನ್ನೋದಕ್ಕೂ ಎಷ್ಟು ದೂರ?”

“ಬರೆಯೋರಿಗೆ ದೂರ. ಕೂಗೋರಿಗೆ ಏನೂ ಇಲ್ಲ,” ಎಂದು ಅವಳು ನಕ್ಕಳು.

ಅವನು ನಗಲಿಲ್ಲ.

ಮರುವರ್ಷ ಪತ್ರಿಕೆಯ ಮೂಲೆಯಲ್ಲಿ ಒಂದು ಸುದ್ದಿ ಬಂತು. ಕಾಲುವೆಗೆ ಉರುಳಿದ ಕಾರಿನಿಂದ ಮುಂದೆ ಕೂತಿದ್ದ ಇಬ್ಬರು ಹೊರಗೆ ಬಂದಿದ್ದರು. ಹಿಂದೆ ಕೂತಿದ್ದ ನಿವೃತ್ತ ಶಿಕ್ಷಕಿ ಬಂದಿರಲಿಲ್ಲ. ಬಿದ್ದ ಹೊಡೆತಕ್ಕೆ ಬಾಗಿಲು ಜಾಮ್ ಆಗಿತ್ತು ಎಂದು ಬರೆದಿದ್ದರು. ಹೊಡೆತಕ್ಕೋ, ಬೀಗ ಕೆಟ್ಟೋ, ಯಾರೂ ಬಿಚ್ಚಿ ನೋಡಲಿಲ್ಲ. ಕಾರು ಅದೇ ಮಾದರಿಯದು, ಅದೇ ವರ್ಷದ್ದು. ಮುಂದಿನ ಭಾನುವಾರದಿಂದ ಟಕ್ ಮಾಮ ಬೆಳಗ್ಗೆ ಒಂಬತ್ತಕ್ಕೆ ಒಂದು ಚೀಲ ಹಿಡಿದು ಮನೆ ಬಿಡತೊಡಗಿದ.

* * *

“ಬಂದಳು ನೋಡು.”

“ಯಾರು?”

“ಭಾನುವಾರದವಳು ಇರಬೇಕು.”

“ಶ್!”

ಗೇಟಿನೊಳಗೆ ಬಂದ ಹೆಂಗಸಿಗೆ ನಲವತ್ತೈದರ ಮೇಲಾಗಿತ್ತು. ಒಗೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ಕೂದಲು. ಆದರೆ ಉಗುರುಗಳ ಸುತ್ತ ಯಾವ ಸೋಪಿಗೂ ಹೋಗದ ಕಪ್ಪು. ಕಂಕುಳಲ್ಲಿ ಒಂದು ಚೀಲ. ಮುಂದೆ ಬರಲಾರದೆ ಕಾರುಗಳ ಸಂದಿಯಲ್ಲಿ ನಿಂತಳು. ಟಕ್ ಮಾಮ ಭಾನುವಾರ ಎಲ್ಲಿಗೆ ಹೋಗುತ್ತಾನೆ ಎಂಬುದು ಆ ಕಟ್ಟಡದ ಮೂರೂ ಮಹಡಿಗಳ ಹಳೆಯ ಒಗಟು. ಕುರ್ಚಿಗಳ ಮೇಲಿನ ಮಾತೆಲ್ಲ ನಿಂತಿತು. ಸೋದರಮಾವ ಅವಳನ್ನು ತಡೆಯಲು ಎರಡು ಹೆಜ್ಜೆ ಇಟ್ಟ.

“ಅಕ್ಕಾ, ನೀನು ಕೂತಿರು, ನಾನು ಮಾತಾಡ್ತೀನಿ—”

ಹೆಂಡತಿ ಆಗಲೇ ಎದ್ದಿದ್ದಳು. ತಮ್ಮನನ್ನು ಪಕ್ಕಕ್ಕೆ ಸರಿಸಿ ನೇರ ಆ ಹೆಂಗಸಿನ ಮುಂದೆ ಹೋಗಿ ನಿಂತಳು.

“ಬಾ. ಬೆಳಗ್ಗೆಯಿಂದ ದಾರಿ ನೋಡ್ತಿದ್ದೆ,” ಎಂದಳು. “ಸುದ್ದಿ ತಲುಪ್ತೋ ಇಲ್ವೋ ಅಂತ.”

“ನಾನು ಯಾರು ಅಂತ ನಿಮಗೆ…”

“ಗೊತ್ತು. ನಿನ್ನ ಗ್ಯಾರೇಜು ನೋಡಿದ್ದೀನಿ.”

* * *

ಅದು ಆರು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಮನೆಗೆ ಫೋನು ಬಂತು. ಅಂಗಡಿಗಳ ದೊಡ್ಡ ಸಂಕೀರ್ಣವೊಂದರ ಕಾವಲುಗಾರ ನಿಮ್ಮ ಯಜಮಾನರನ್ನು ಹಿಡಿದು ಕೂರಿಸಿದ್ದೇವೆ, ಬನ್ನಿ ಎಂದ. ಅವಳು ಓಡಿದಳು. ಗಂಡ ನೆಲಮಾಳಿಗೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. “ಒಂದೊಂದು ಕಾರಿನ ಕಿಟಕಿಗೂ ಮೂತಿ ಇಟ್ಟು ನೋಡ್ತಾನಮ್ಮ. ಕದಿಯೋದಕ್ಕಲ್ಲದೆ ಇನ್ಯಾಕೆ?” ಎಂದ ಕಾವಲುಗಾರ. ಅವಳು ಕೈಮುಗಿದು ಬಿಡಿಸಿಕೊಂಡು ಬಂದಳು.

ಮುಂದಿನ ಭಾನುವಾರ ಅವಳು ಅವನ ಹಿಂದೆ ಹೋದಳು. ಒಂದು ಬಸ್ಸು, ಒಂದು ಓಣಿ, ತಗಡಿನ ಸೂರಿನ ಗ್ಯಾರೇಜು. ಕಾರೊಂದರ ಹಿಂದಿನ ಬಾಗಿಲು ತೆರೆದಿತ್ತು. ಗಂಡನ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಒಬ್ಬ ಹೆಂಗಸು ಬಗ್ಗಿ ದೀಪ ಹಿಡಿದಿದ್ದಳು.

“ಹಲ್ಲು ಹೋಗಿದೆಯಾ?”

“ಒಂದು ಹೋಗಿದೆ. ಉಳಿದವು ಹೊರಟು ನಿಂತಿವೆ. ದೀಪ ಎಡಕ್ಕೆ ಹಿಡಿ.”

ಹೆಂಡತಿ ಅಷ್ಟನ್ನೇ ಕೇಳಿಸಿಕೊಂಡು ವಾಪಸು ಬಂದಳು. ಆ ಸಂಜೆ ಬಚ್ಚಲಲ್ಲಿ ಗ್ರೀಸು ತೊಳೆಯುವ ಒರಟು ಸೋಪನ್ನು ತಂದಿಟ್ಟಳು. ಅವನು ಅದನ್ನು ನೋಡಿದ, ಬಳಸಿದ, ಏನೂ ಕೇಳಲಿಲ್ಲ. ತಾನಾಗಿಯೇ ಹೇಳಲಿ ಎಂದು ಅವಳು ಕಾದಳು. ಆರು ವರ್ಷ ಕಾದಳು. ನಿನ್ನೆ ಬೆಳಗ್ಗೆ ಅವನು ಬೂಟಿನ ಮೇಲೆ ಬಗ್ಗಿದಾಗಲೂ ಅವಳು ಅಡುಗೆಮನೆಯಲ್ಲಿ ಅವನ ಡಬ್ಬಿ ಕಟ್ಟುತ್ತ ಮುಂದಿನ ಭಾನುವಾರ ಕೇಳಿಯೇ ಬಿಡಬೇಕು ಎಂದುಕೊಳ್ಳುತ್ತಿದ್ದಳು.

* * *

ಗ್ಯಾರೇಜಿನವಳು ಹೆಣದ ಕಾಲು ಮುಟ್ಟಿದಳು. ಆಮೇಲೆ ಮಗಳ ಪಕ್ಕದ ಕುರ್ಚಿಯಲ್ಲಿ ತುದಿಗೆ ಕೂತಳು. ಚೀಲದಿಂದ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ತೆಗೆದಳು.

“ನನಗೇನಾದ್ರೂ ಆದ್ರೆ ಮಗಳ ಕೈಗೆ ಕೊಡು ಅಂದಿದ್ರು. ಆಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.”

ಮಗಳು ತೆರೆದಳು. ಪುಟದ ತುಂಬ ಕಾರಿನ ನಂಬರುಗಳು, ತಾರೀಖುಗಳು, ಎಡ, ಬಲ. ಅಪ್ಪನ ಅಕ್ಷರ. ಹಿಂದಿನ ರಟ್ಟಿಗೆ ಅಂಟಿಸಿದ್ದ ಲಕೋಟೆಯಲ್ಲಿ ಕಾಲುವೆಗೆ ಉರುಳಿದ ಕಾರಿನ ಸುದ್ದಿಯ ಹಳೆಯ ಪತ್ರಿಕೆ ತುಣುಕು, ನಾಲ್ಕಾಗಿ ಮಡಚಿದ ಒಂದು ಹಾಳೆ. ಅವಳು ದಿನವೂ ತುಂಬುವ ಹಾಳೆಯೇ ಅದು. ಓದಲು ಒಂದು ನಿಮಿಷ ಸಾಕಾಯಿತು.

“ಆ ಸರಕು ಆರುನೂರು ಕಾರಿಗೆ ಹೋಗಿತ್ತಂತೆ,” ಗ್ಯಾರೇಜಿನವಳು ತಗ್ಗಿದ ದನಿಯಲ್ಲಿ ಹೇಳಿದಳು. “ಕಿಟಕಿ ಗಾಜಿನ ಮೂಲೇಲಿ ತಯಾರಾದ ತಿಂಗಳ ಗುರುತು ಇರುತ್ತಲ್ಲ, ಅದನ್ನ ನೋಡಿ ಹುಡುಕೋರು. ಹಿಂದಿನ ಬಾಗಿಲಿನ ಮೋಟಾರು ಬದಲಾಯಿಸ್ಬೇಕು, ದುಡ್ಡು ಬೇಡ, ಇಂಥಾ ಗ್ಯಾರೇಜಿಗೆ ಬನ್ನಿ ಅಂತ ಚೀಟಿ ಸಿಗಿಸಿ ಬರೋರು. ಪುಕ್ಕಟೆ ಅಂದ್ರೆ ಜನ ಇನ್ನೂ ಜಾಸ್ತಿ ಅನುಮಾನ ಪಡ್ತಾರೆ. ಮೊದಲು ನಾನೂ ಇವರನ್ನ ಹುಚ್ಚ ಅಂದ್ಕೊಂಡಿದ್ದೆ. ನಾನೂರ ಹನ್ನೊಂದು ಕಾರು ಆಯ್ತು. ಕೊನೆಯದ್ದು ಹದಿಮೂರು ದಿನದ ಹಿಂದೆ.”

ಕೊನೆಯ ಸಾಲಿನ ಮೇಲೆ ಅವಳು ಕಪ್ಪು ಉಗುರು ಇಟ್ಟಳು.

“ಈ ಕಾರು ತಂದವಳು ಒಬ್ಬ ಹುಡುಗಿ. ಹಿಂದೆ ಎರಡು ಚಿಕ್ಕ ಮಕ್ಕಳು. ಮಾವನ ಮನೆಯವರ ಹಳೇ ಕಾರಂತೆ. ಬಿಚ್ಚಿದ್ರೆ ಎಡಗಡೇದು ಪೂರ್ತಿ ಹೋಗಿತ್ತು, ಇವತ್ತೋ ನಾಳೆಯೋ ಅನ್ನೋ ಹಾಗೆ. ಕಾರಿನ ನಂಬರು ಬರ್ಕೊಳ್ಳೋವಾಗ ಅವರಪ್ಪನ ಹೆಸರು ಹೇಳಿ, ನಮ್ಮಪ್ಪನೂ ಇಂಥದ್ದೇ ಕಾರ್ಖಾನೇಲಿ ಮ್ಯಾನೇಜರು ಅಂದ್ಲು. ನಿಮ್ಮಪ್ಪ ಸುತ್ತಿಗೆ ಕೆಳಗಿಟ್ಟು ಕೂತ್ಬಿಟ್ರು.”

ಮಗಳು ತಲೆಯೆತ್ತಿದಳು. ಹತ್ತು ಹೆಜ್ಜೆ ದೂರದಲ್ಲಿ ಮ್ಯಾನೇಜರು ಫಿಟ್ಟರನ ಮಾತಿಗೆ ಹೂಂಗುಡುತ್ತ ನೋಟ್‌ಬುಕ್ಕನ್ನೇ ನೋಡುತ್ತಿದ್ದರು.

“ಅವರಿಗೆ ಗೊತ್ತಾ?”

“ಇಲ್ಲ. ಮಾರನೇ ದಿನ ಅವರ ರೂಮಿಗೆ ಹೋಗಿ ಒಂದು ತಿಂಗಳು ಟೈಮು ಕೊಟ್ಟು ಬಂದ್ರು. ನೀವೇ ಕಾರ್ ಕಂಪನಿಗೆ ಬರೀರಿ, ಎಲ್ಲಾ ಕಾರನ್ನೂ ವಾಪಸ್ ಕರೆಸಲಿ, ಇಲ್ದಿದ್ರೆ ನಾನು ಬರೀತೀನಿ ಅಂತ. ಮಗಳ ಕಾರಿನ ವಿಷಯ ಹೇಳಿ, ಒಂದೇ ನಿಮಿಷದಲ್ಲಿ ದಾರಿಗೆ ಬರ್ತಾರೆ ಅಂದೆ ನಾನು. ನನ್ನ ಮೇಲೆ ರೇಗಿದ್ರು. ‘ಮಗಳ ಹೆಸರು ಹೇಳಿ ಒಬ್ಬನ್ನ ಬಗ್ಗಿಸಬಾರದು, ಅದು ಹೇಗಿರುತ್ತೆ ಅಂತ ನನಗೆ ಗೊತ್ತು’ ಅಂದ್ರು.”

ಮ್ಯಾನೇಜರು ಹತ್ತಿರ ಬಂದರು. “ಅದು ಕಂಪನಿಯದಮ್ಮ,” ಎಂದರು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ನೀಲಿ ಅಂಗಿಗಳೆಲ್ಲ ಇತ್ತ ತಿರುಗಿದವು.

“ನಮ್ಮಪ್ಪನ ನೋಟ್‌ಬುಕ್ ಸರ್,” ಎಂದಳು ಮಗಳು.

“ಎರಡು ಹತ್ತು!” ಸೋದರಮಾವ ಕೂಗಿದ. “ಎತ್ತಿ ಎತ್ತಿ! ಮಾತೆಲ್ಲಾ ಅಲ್ಲಿ ಹೋಗಿ ಆಡೋಣ!”

* * *

ಶವ ಸಾಗಿಸುವ ವ್ಯಾನಿನಲ್ಲಿ ಹೆಂಡತಿ ಮುಂದೆ ಡ್ರೈವರನ ಪಕ್ಕ ಕೂತಳು. ಹಿಂದೆ, ಸ್ಟ್ರೆಚರಿನ ಒಂದು ಬದಿಯ ಹಲಗೆಯ ಮೇಲೆ ಮಗಳು. ಇನ್ನೇನು ಬಾಗಿಲು ಹಾಕಬೇಕು, ಮ್ಯಾನೇಜರು ಹತ್ತಿದರು.

“ಎಂಥಾ ಮನುಷ್ಯ!” ಸೋದರಮಾವನ ಕಣ್ಣು ತುಂಬಿತು. “ಅಷ್ಟು ದೊಡ್ಡ ಕಾರು ಬಿಟ್ಟು ಕೆಲಸದವನ ಜತೆ ಬರ್ತಾರೆ ನೋಡಿ!”

ಬಾಗಿಲು ಮುಚ್ಚಿತು. ಒಳಗೆ ಹೂವಿನ ವಾಸನೆ, ಸೆಕೆ, ಮಬ್ಬು ಬೆಳಕು. ಇಬ್ಬರ ನಡುವೆ ಟಕ್ ಮಾಮ. ರಸ್ತೆಯ ಗುಂಡಿಗಳಿಗೆ ಅವನ ತಲೆ ನಿಧಾನವಾಗಿ ಇಲ್ಲ, ಇಲ್ಲ ಎನ್ನುವಂತೆ ಅಲುಗುತ್ತಿತ್ತು. ಮಗಳು ಒಂದು ಕೈಯಿಂದ ಅದನ್ನು ಹಿಡಿದಳು. ಇನ್ನೊಂದು ಕೈ ಮಡಿಲಿನ ನೋಟ್‌ಬುಕ್ಕಿನ ಮೇಲಿತ್ತು.

“ಓದಿದೆಯಾ?”

“ಓದಿದೆ.”

“ಅದರಲ್ಲಿ ನನ್ನ ಸಹಿ ಮಾತ್ರ ಅಲ್ಲ ಇರೋದು. ಆಮೇಲೆ ಬರೆದ ಸುಳ್ಳು ಹಾಳೆ ಕಂಪನಿಯ ಕಡತದಲ್ಲಿದೆ. ಅದರ ಮೇಲೆ ಇರೋದು ಇವನ ಸಹಿ, ಇವನ ಅಕ್ಷರ. ಈಗ ಹೊರಗೆ ಎಷ್ಟು ಜನ ಅಳ್ತಿದ್ರು ನೋಡಿದ್ಯಲ್ಲ? ಇದು ಆಚೆ ಬಂದ್ರೆ ನಾಳೆ ಅವರೇ ಏನಂತಾರೆ? ಸತ್ತವನು ಬಂದು ಸಮಜಾಯಿಷಿ ಕೊಡ್ತಾನಾ?”

ಅವಳು ನೋಟ್‌ಬುಕ್ಕನ್ನು ಮಡಿಲಿಗೆ ಇನ್ನಷ್ಟು ಎಳೆದುಕೊಂಡಳು.

“ನಾನು ರಾಕ್ಷಸ ಅಲ್ಲಮ್ಮ. ಮುಂದಿನ ಸರಕಿಗೆ ಪ್ಲಾಸ್ಟಿಕ್ ಬದಲಾಯಿಸಿದೆ. ಹೇಳಿದ ಹಾಗೇ ಮಾಡಿದೆ. ಹೋದದ್ದು ಹೋಯ್ತು. ಅಷ್ಟು ಹಳೇ ಕಾರು ಇನ್ನೆಷ್ಟು ಓಡ್ತಿರುತ್ತೆ?”

“ಕಾಲುವೆಗೆ ಬಿದ್ದ ಕಾರು ಸರ್?”

“ಅದು ಹೊಡೆತಕ್ಕೆ ಜಾಮ್ ಆಗಿದ್ದು!” ಅವರ ಕೈ ಹಲಗೆಗೆ ಬಡಿಯಿತು. ಮುಂದೆ ಕೂತ ಹೆಂಡತಿ ತಿರುಗಿ ನಡುವಿನ ಗಾಜಿನ ಮೂಲಕ ನೋಡಿದಳು. ಅವರು ದನಿ ತಗ್ಗಿಸಿದರು. “ಅದು ಹೊಡೆತಕ್ಕೆ ಆಗಿದ್ದು. ಪತ್ರಿಕೇಲೇ ಬಂದಿತ್ತು.”

ಆ ಸುದ್ದಿಯನ್ನು ಅವರೂ ಓದಿದ್ದರು, ಹದಿನೈದು ವರ್ಷ ನೆನಪಿಟ್ಟುಕೊಂಡಿದ್ದರು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಮಗಳಿಗೆ ಗೊತ್ತಿತ್ತು, ಒಂದೇ ಒಂದು ಮಾತು ಸಾಕು. ನಿಮ್ಮ ಮೊಮ್ಮಕ್ಕಳು ಕೂರೋ ಕಾರು ಎಂದರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಕೈಯ ಕೆಳಗೆ ಅಪ್ಪನ ತಲೆ ಅಲುಗಿತು. ಅವಳು ನುಂಗಿಕೊಂಡಳು. ಲಕೋಟೆಯಿಂದ ಹಾಳೆಯನ್ನು ತೆಗೆದು ಅಪ್ಪನ ಎದೆಯ ಮೇಲಿಂದ ಆಚೆ ಚಾಚಿದಳು.

“ತಗೊಳ್ಳಿ.”

ಅವರು ಅಷ್ಟು ಸುಲಭವನ್ನು ಎದುರು ನೋಡಿರಲಿಲ್ಲ. “ನಕಲು ಇಟ್ಕೊಂಡಿದ್ದೀಯಾ?”

“ಇಲ್ಲ. ಅಪ್ಪ ನಿಮಗೆ ಒಂದು ತಿಂಗಳು ಕೊಟ್ಟಿದ್ರು. ಇನ್ನೂ ಹದಿನೆಂಟು ದಿನ ಇದೆ. ಅವರು ಸತ್ರು ಅಂತ ನಾನು ಅದನ್ನ ಕಡಿಮೆ ಮಾಡಲ್ಲ.”

ಅವರು ಹಾಳೆಯನ್ನು ಬಿಡಿಸಿದರು, ಮೂಲೆಯಲ್ಲಿದ್ದ ತಮ್ಮ ಗೀಚನ್ನು ನೋಡಿದರು, ಮಡಚಿ ಒಳಜೇಬಿಗೆ ಹಾಕಿದರು. ಒಂದು ಉಸಿರು ಹೊರಬಿತ್ತು. ಆಮೇಲೆ, “ಆ ಪುಸ್ತಕದಲ್ಲೇನಿದೆ?” ಎಂದರು.

“ಅಪ್ಪ ಸರಿ ಮಾಡಿದ ಕಾರುಗಳ ನಂಬರು.”

“ಸರಿ ಮಾಡಿದ?”

“ಭಾನುವಾರ ಭಾನುವಾರ.”

“ಎಷ್ಟು?”

“ನಾನೂರ ಹನ್ನೊಂದು.”

ಅವರು ಸತ್ತವನ ಮುಖ ನೋಡಿದರು. “ಕೊಡಿಲ್ಲಿ. ನೋಡ್ತೀನಿ.”

ಅವಳು ತಡೆದಳು. “ನಾನು ತೋರಿಸ್ತಿಲ್ಲ ಸರ್. ನೀವು ಕೇಳ್ತಿದ್ದೀರಿ.”

“ಕೊಡಮ್ಮ.”

ಅವರು ಮೊದಲ ಪುಟ ತೆರೆದರು. ಎರಡನೆಯದು. ಬೇಗ ಬೇಗ ತಿರುವಿದರು, ನಡುವೆ ಬಿಟ್ಟರು, ಕೊನೆಗೆ ಹೋದರು. ಅವಳು ಅವರ ಬೆರಳನ್ನೇ ನೋಡುತ್ತಿದ್ದಳು. ಬೆರಳು ಕೊನೆಯ ಸಾಲಿಗೆ ಬಂತು. ಮುಂದೆ ಹೋಯಿತು. ಮತ್ತೆ ಹಿಂದಕ್ಕೆ ಬಂತು.

ವ್ಯಾನು ಉಬ್ಬು ಹಾಯ್ದು ಧಡಕ್ ಎಂದಿತು. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಅವರು ಅದನ್ನು ಸರಿ ಮಾಡಿಕೊಳ್ಳಲಿಲ್ಲ.

“ಎಡ ಬಾಗಿಲು. ಪೂರ್ತಿ ಹೋಗಿತ್ತು,” ಎಂದು ಅಪ್ಪನ ಅಕ್ಷರವನ್ನು ಓದಿದರು. ಮತ್ತೆ ಅದೇ ಸಾಲಿನ ಮೇಲೆ ಬೆರಳಿಟ್ಟು, “ಚಿಕ್ಕದು ಎಡಗಡೆಗೇ ಕೂರೋದು,” ಎಂದರು.

ಅವಳು ಅಪ್ಪನ ತಲೆಯನ್ನು ನೇರ ಮಾಡಿದಳು.

“ಮಾರನೇ ದಿನ ಇವನು ನನ್ನ ಮುಂದೆ ಬಂದು ಕೂತಿದ್ದ. ನಾನು ಇವನನ್ನ ಗೇಟಿನ ಆಚೆ ಹಾಕಿಸ್ತೀನಿ ಅಂತ ಕೂಗಾಡಿದೆ. ಒಂದೇ ಒಂದು ಮಾತು… ಇವನು ಯಾಕೆ ಹೇಳಲಿಲ್ಲ?”

ವ್ಯಾನು ನಿಂತಿತು. ಹೊರಗಿನಿಂದ ಯಾರೋ ಬಾಗಿಲು ತೆರೆದರು. ಬಿಸಿಲು ಒಳಗೆ ನುಗ್ಗಿತು.

* * *

“ಕೊಟ್ಟುಬಿಟ್ಟೆಯಾ!” ದಹನಗೃಹದ ಜಗಲಿಯಲ್ಲಿ ಗ್ಯಾರೇಜಿನವಳು ಮಗಳ ತೋಳು ಹಿಡಿದು ಅಲ್ಲಾಡಿಸಿದಳು. “ಹುಚ್ಚಿ! ಹರಿದು ಹಾಕಿದ್ರೆ? ಹದಿನಾರು ವರ್ಷ ಜೋಪಾನ ಮಾಡಿದ ಹಾಳೆ!”

“ಹರಿದ್ರೆ ಹರೀಲಿ. ಹದಿನೆಂಟು ದಿನ ಆದ್ಮೇಲೆ ನನಗೆ ಗೊತ್ತಿರೋದನ್ನ ನಾನು ಬರೀತೀನಿ. ಅಪ್ಪ ಕೊಟ್ಟ ಮಾತನ್ನ ಅಪ್ಪನ ಜತೆ ಸುಡೋದಕ್ಕಾಗಲ್ಲ.” ಮ್ಯಾನೇಜರು ಒಳಗೆ ಬಂದಿರಲಿಲ್ಲ. ವ್ಯಾನಿನ ಹಿಂದೆ ಬಂದಿದ್ದ ತಮ್ಮ ಕಾರಿನ ಕಡೆ ನಡೆದುಹೋಗಿದ್ದರು.

ಹಳೆಯ ಫಿಟ್ಟರ್ ಹತ್ತಿರದಲ್ಲೇ ನಿಂತಿದ್ದ. ಏನು ಹಾಳೆ ಎಂದು ಕೇಳಿದ. ಮಗಳು ಬಚ್ಚಿಡಲಿಲ್ಲ. ಅವನು ಕೇಳಿದ, ಗೋಡೆಗೆ ಒರಗಿದ, ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

“ಮಾಮ ಸುಳ್ಳು ಸಹಿ ಹಾಕಿದ್ನಾ?”

“ಹೂಂ.”

“ನಮ್ಮ ಟಕ್ ಮಾಮ?”

“ಒಂದು ಸಲ.”

ಫಿಟ್ಟರ್ ದೂರ ಹೋಗಿ ನಿಂತ. ಹೊರಡುವಾಗಲೂ ಅವನು ಮಗಳ ಕಡೆ ನೋಡಲಿಲ್ಲ. ಅದು ಶುರು ಎಂದು ಅವಳಿಗೆ ಗೊತ್ತಾಯಿತು. ನಾಳೆ ಇನ್ನೊಬ್ಬರು, ನಾಡಿದ್ದು ಮತ್ತೊಬ್ಬರು.

ಗುಮಾಸ್ತ ನಮೂನೆ ತುಂಬುತ್ತಿದ್ದ. “ಮೃತರ ಉದ್ಯೋಗ?”

“ಕಾರ್ಖಾನೆ ನೌಕರ,” ಎಂದ ಸೋದರಮಾವ.

“ಪರೀಕ್ಷಕ ಅಂತ ಬರೀರಿ,” ಎಂದಳು ಹೆಂಡತಿ. ಮಗಳು ಫಿಟ್ಟರನಿಗೆ ಹೇಳಿದ್ದನ್ನೆಲ್ಲ ಅವಳು ಹಿಂದೆ ನಿಂತು ಕೇಳಿಸಿಕೊಂಡಿದ್ದಳು.

ಸರಿಯಾಗಿ ಮೂರಕ್ಕೆ ಕಬ್ಬಿಣದ ಬಾಗಿಲು ಮೇಲೆದ್ದು, ಟಕ್ ಮಾಮನನ್ನು ಒಳಗೆ ತೆಗೆದುಕೊಂಡು ಇಳಿಯಿತು. ಮಗಳು ಅತ್ತದ್ದು ಆಗ. ಬೆಳಗ್ಗೆಯಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು. ಗ್ಯಾರೇಜಿನವಳು ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು. ಸೋದರಮಾವ ಇನ್ನು ಕೂಗಲು ಏನೂ ಉಳಿಯದೆ ಮೆಟ್ಟಿಲ ಮೇಲೆ ಕುಸಿದು ಕೂತ.

ಹೊರಗೆ ಬಂದಾಗ ಮುಕ್ಕಾಲು ಗಂಟೆ ಕಳೆದಿತ್ತು. ಬಯಲಿನಲ್ಲಿ ಮರವಿಲ್ಲ, ನೆರಳಿಲ್ಲ. ಕಪ್ಪು ಕಾರು ಅಲ್ಲೇ ಇತ್ತು. ಡ್ರೈವರು ಹೊರಗೆ ನಿಂತು ತಲೆಯ ಮೇಲೆ ಪತ್ರಿಕೆ ಹಿಡಿದುಕೊಂಡಿದ್ದ.

“ಏನಾಗಿದೆಯೋ ಗೊತ್ತಿಲ್ಲಮ್ಮ,” ಎಂದ ಅವನು ಹೆಂಡತಿಗೆ. “ಎಂಜಿನ್ ಆರಿಸು, ಹೊರಗೆ ಹೋಗು ಅಂದ್ರು. ಗಾಜು ಇಳಿಸ್ಲಾ ಅಂದ್ರೆ ಕೇಳಿಸ್ಕೊಳ್ಳಲ್ಲ. ಅರ್ಧ ಗಂಟೆಯಿಂದ ಹಾಗೇ ಕೂತಿದ್ದಾರೆ.”

ಮುಚ್ಚಿದ ಗಾಜಿನ ಆಚೆ, ಹಿಂದಿನ ಸೀಟಿನಲ್ಲಿ, ಮ್ಯಾನೇಜರು ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು. ಅಂಗಿ ಪೂರ್ತಿ ಒದ್ದೆಯಾಗಿ ಮೈಗೆ ಅಂಟಿತ್ತು. ಮೊಣಕಾಲ ಮೇಲೆ ನಾಲ್ಕು ಮಡಿಕೆಯ ಗುರುತಿದ್ದ ಹಾಳೆ ಬಿಚ್ಚಿಕೊಂಡಿತ್ತು.

ಹೆಂಡತಿ ಹೋಗಿ ಹಿಡಿಯನ್ನು ಎಳೆದಳು. ಬಾಗಿಲು ತೆರೆಯಿತು. ಒಳಗಿನ ಕಾವು ಒಲೆಯ ಬಾಯಿಯಂತೆ ಅವಳ ಮುಖಕ್ಕೆ ಹೊಡೆಯಿತು. ಅವರು ಅವಳನ್ನು ನೋಡಿದರು, ಆದರೆ ಮಾತು ನಿಲ್ಲಿಸಲಿಲ್ಲ.

“ಹೌದು, ನಿಮ್ಮ ಕಂಪನಿಯ ಕಾರುಗಳಿಗೆ ಬಂದದ್ದೇ… ಸಾವಿರದ ಇನ್ನೂರು, ಎಲ್ಲವೂ ಹಿಂದಿನ ಬಾಗಿಲಿನವು… ಇಲ್ಲ, ಆಗಲೇ ಗೊತ್ತಿತ್ತು. ಬರ್ಕೊಳ್ಳಿ. ಹಾಳೆ ನನ್ನ ಕೈಯಲ್ಲೇ ಇದೆ. ಸಹಿ ಎರಡು. ಒಂದು ಪರೀಕ್ಷಕನದು.” ಅವರು ಹಾಳೆಯ ಮೂಲೆಯ ಮೇಲೆ ಹೆಬ್ಬೆರಳು ಇಟ್ಟರು. “ಇನ್ನೊಂದು ನನ್ನದು. ನಿಧಾನಕ್ಕೆ ಹೇಳ್ತೀನಿ, ಬರ್ಕೊಳ್ಳಿ.”

ಬಯಲ ಗಾಳಿಗೆ ಬಾಗಿಲು ಮುಚ್ಚಿಕೊಳ್ಳಲು ಬಂತು. ಹೆಂಡತಿ ಅದಕ್ಕೆ ತನ್ನ ಸೊಂಟವನ್ನು ಆನಿಸಿದಳು. ಅವರು ಓದಿ ಮುಗಿಸುವವರೆಗೂ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದಳು.